ಬಾಗಿಲಿಗೆ ಓಗೊಟ್ಟವರು

“ಒಳಗೆ ಯಾರಾದರೂ ಇದ್ದೀರಾ?”

ಕೇಳಿದ್ದು ಬಾಗಿಲು. ಒಳಗೆ ಯಾರೂ ಇರಲಿಲ್ಲ. ಕಲ್ಲಕ್ಕನಿಗೆ ಅದು ಖಾತ್ರಿಯಾಗಿ ಗೊತ್ತಿತ್ತು. ಈಗಷ್ಟೇ ಆ ಶೈತ್ಯಕೋಣೆಯ ನಾಲ್ಕೂ ಗೋಡೆ ಮುಟ್ಟಿ, ಖಾಲಿ ಕಪಾಟುಗಳ ಹಿಂದೆ ಬಗ್ಗಿ ನೋಡಿ, ಅಂಗೈ ಉಜ್ಜಿಕೊಳ್ಳುತ್ತ ಹೊರಗೆ ಬಂದಿದ್ದಳು. ಶೆಡ್ಡಿನ ತಗಡಿನ ಮೇಲೆ ಮಧ್ಯಾಹ್ನದ ಬಿಸಿಲು ಚಟಗುಟ್ಟುತ್ತಿತ್ತು. ಬಾಗಿಲು ತನ್ನ ಕ್ರಮದಂತೆ ಒಂದಿಷ್ಟು ಕಾಯಿತು. ಆಮೇಲೆ ಹೊಸ ಸೊಸೆಯ ವಿನಯದಲ್ಲಿ, “ಒಳಗೆ ಜನರಿದ್ದಾರೆ. ಮುಚ್ಚುವುದಿಲ್ಲ,” ಎಂದಿತು.

“ಶುರುವಾಯ್ತು ನೋಡಿ ಇದರ ಪುರಾಣ!” ಎಂದ ಪಂಡಿತ, ಮಡಿಲಿನ ಲ್ಯಾಪ್‌ಟಾಪಿನಿಂದ ತಲೆಯೆತ್ತಿ. ಬಾಗಿಲಿನ ಪ್ರೋಗ್ರಾಂ ಬರೆದವನು ಅವನೇ. ಬುದ್ಧಿವಂತ, ಬಾಯಿ ಜೋರು; ಅದಕ್ಕೇ ಆಫೀಸಿನಲ್ಲಿ ಆ ಹೆಸರು. “ಯಾರಿದ್ದಾರಂತೆ ಒಳಗೆ? ನಮ್ಮಜ್ಜನಾ?”

ಕಲ್ಲಕ್ಕ ನಗಲಿಲ್ಲ. ಅವಳು ಪರೀಕ್ಷಕಿ, ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೇ ಅವಳ ಅನ್ನದ ದಾರಿ. “ಕಾಳಲ್ಲಿ ಕಲ್ಲು ಆರಿಸೋ ಕೆಲಸಕ್ಕೆ ಇಷ್ಟೊಂದು ಓದ್ಬೇಕಿತ್ತೇನೇ?” ಎಂದು ಅಮ್ಮ ಒಮ್ಮೆ ಫೋನಿನಲ್ಲಿ ಗದರಿದ್ದು ಪಕ್ಕದ ಮೇಜಿಗೂ ಕೇಳಿಸಿ, ಅಂದಿನಿಂದ ಎಲ್ಲರಿಗೂ ಅವಳು ಕಲ್ಲಕ್ಕ. ಕಲ್ಲು ಸಿಕ್ಕರೆ ಬರೆದವರಿಗೆ ಸಿಟ್ಟು, ಸಿಗದಿದ್ದರೆ “ಇವಳಿಗ್ಯಾಕೆ ಸಂಬಳ” ಎಂಬ ಮಾತು. ಉಂಡವರು ಹಲ್ಲು ಮುರಿದುಕೊಂಡ ದಿನ ಮಾತ್ರ ಎಲ್ಲರ ಕಣ್ಣೂ ಅವಳತ್ತ.

ಆ ದಿನ ಅವಳು ಕೆಲಸಕ್ಕೆ ಸೇರುವ ಮೊದಲೇ ಬಂದು ಹೋಗಿತ್ತು. ಬಾಗಿಲಿನ ಕೆಲಸ ಇಷ್ಟೇ: ಹಣ್ಣಿನ ಗೋದಾಮಿನ ಶೈತ್ಯಕೋಣೆಗೆ ಬೀಗ ಬೀಳುವ ಮೊದಲು ಒಳಗಿನವರನ್ನು ಕೂಗಿ ಕೇಳುವುದು. ಉತ್ತರ ಬಂದರೆ ತೆರೆದೇ ಇರುವುದು. ಬಾರದಿದ್ದರೆ ಮುಚ್ಚಿ, ಹಣ್ಣು ಮಾಗದಂತೆ ಒಳಗಿನ ಉಸಿರುಗಾಳಿಯನ್ನು ಹೀರಿ ತೆಗೆಯುವುದು. ಒಮ್ಮೆ ಮುಚ್ಚಿತೆಂದರೆ ಒಳಗಿಂದ ಎಷ್ಟು ತಳ್ಳಿದರೂ ಅಲುಗದು. ಹಿಂದಿನ ಹಣ್ಣಿನ ಕಾಲದಲ್ಲಿ ಒಬ್ಬ ಹಮಾಲ ಒಳಗೇ ಉಳಿದ. ಬಾಗಿಲು ಕೇಳಿತು. ಅದರ ಲೆಕ್ಕದಲ್ಲಿ ಉತ್ತರ ಬರಲಿಲ್ಲ. ಮರುದಿನ ತೆರೆದಾಗ ಅವನು ಹೊಸ್ತಿಲಿಗೆ ತಲೆಯಿಟ್ಟು ಮಲಗಿದ್ದ.

“ಅವನು ಮಾತೇ ಆಡಲಿಲ್ಲ” ಎಂದು ಕಂಪನಿ ಹೇಳಿತು. ಆಗ ಪರೀಕ್ಷೆ ಮಾಡಿದ್ದವನು ಬೇರೆ ಕಡೆ ಇನ್ನೂ ದೊಡ್ಡ ಹುದ್ದೆಗೆ ಹಾರಿದ. ಅವನ ಮೇಜಿಗೆ ಬಂದು ಕೂತ ಕಲ್ಲಕ್ಕನಿಗೆ ಕಲ್ಲು ಸಿಗಲು ಬಹಳ ಹೊತ್ತು ಬೇಕಾಗಲಿಲ್ಲ. ಬಾಗಿಲಿಗೆ ಉತ್ತರ ಗುರುತಿಸಲು ಕಲಿಸುವಾಗ ಬಳಸಿದ ದನಿಗಳನ್ನೆಲ್ಲ ಮೀಟಿಂಗ್ ಕೋಣೆಯಲ್ಲಿ, ಬಿಸಿ ಲೋಟ ಹಿಡಿದು ಕೂತವರಿಂದ ಹೇಳಿಸಿದ್ದರು. “ಇದ್ದೀನಿ.” “ಹೌದು, ಇದ್ದೀನಿ.” ಮರಗಟ್ಟಿದ ತುಟಿಯಿಂದ ಮಾತು ಹೇಗೆ ಹೊರಡುತ್ತದೆಂದು ಯಾರೂ ಪರೀಕ್ಷಿಸಿರಲಿಲ್ಲ. ಉಗುರಿನಲ್ಲಿ ಹೋಗಬೇಕಾಗಿದ್ದದ್ದಕ್ಕೆ ಈಗ ಕೊಡಲಿಯೂ ಸಾಲದಾಗಿತ್ತು. ಗಿರಾಕಿಗಳು ಒಬ್ಬೊಬ್ಬರಾಗಿ ಕೈಬಿಡುತ್ತಿದ್ದರು. ಉಳಿದವರದು ಒಂದೇ ಪಟ್ಟು: ಹಮಾಲನನ್ನು ನುಂಗಿದ ಅದೇ ಬಾಗಿಲನ್ನು ಕಿತ್ತು ತನ್ನಿ, ಕೋಣೆ ಖಾಲಿಯಿದ್ದಾಗ ನಮ್ಮೆದುರು ಮುಚ್ಚಿ ತೋರಿಸಿ, ಜನರಿದ್ದಾಗ ನಿಲ್ಲಿಸಿ ತೋರಿಸಿ, ಮಿಕ್ಕ ಬಾಗಿಲುಗಳ ಮಾತು ಆಮೇಲೆ. ನಾಳೆ ಅವರು ಬರುವವರಿದ್ದರು.

ಬಾಗಿಲು ಬಂತು; ಕಂಪನಿಯ ಶೆಡ್ಡಿನಲ್ಲಿ ಪರೀಕ್ಷೆಗೆಂದು ಕಟ್ಟಿದ ಶೈತ್ಯಕೋಣೆಗೆ ಅದನ್ನು ಕೂರಿಸಿದರು. ಪಂಡಿತ ಅದಕ್ಕೆ ಹೊಸ ಮಾತು ಕಲಿಸಿ ಅದರ ಕಿವಿಯನ್ನೂ ಸೂಕ್ಷ್ಮ ಮಾಡಿದ. ಆಗಿನಿಂದ ಅದು ಖಾಲಿ ಕೋಣೆಯಲ್ಲೂ ಯಾರನ್ನೋ ಕೇಳಿಸಿಕೊಳ್ಳತೊಡಗಿತು. ಗುಡಿಸುವಾಕೆ ಶೆಡ್ಡನ್ನೆಲ್ಲ ಗುಡಿಸಿ, ಆ ಹೊಸ್ತಿಲ ಮೇಲಿನ ಕಸವನ್ನು ಮಾತ್ರ ಹಾಗೇ ಬಿಟ್ಟು ಹೋಗುತ್ತಿದ್ದಳು.

“ಶೈತ್ಯಯಂತ್ರ ಗುಂಯ್ ಅನ್ನೋ ಸದ್ದು ಕಣಕ್ಕಾ, ಇನ್ನೇನೂ ಅಲ್ಲ,” ಎಂದ ಪಂಡಿತ.

“ಹಾಗಾದ್ರೆ ಪ್ರಶ್ನೆ ತೆಗೀ. ಸುಮ್ನೆ ಕೇಳಿಸ್ಕೊಂಡು ಕೂತಿರಲಿ.”

ತೆಗೆದ. ಬಾಗಿಲು ಬಹಳ ಹೊತ್ತು ಕಿವಿಗೊಟ್ಟಿತು, ಯಾರೂ ಇಲ್ಲವೆಂದಿತು. ಪ್ರಶ್ನೆ ಮತ್ತೆ ಹಾಕಿದ. ಜನರಿದ್ದಾರೆಂದಿತು. ಯಂತ್ರದ ಸದ್ದಿಗೆ ಪ್ರಶ್ನೆ ಕೇಳಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಉತ್ತರ ಕೊಡುವವರಿಗೆ ಮಾತ್ರ ಪ್ರಶ್ನೆ ಬೇಕು.

“ಈಗ ಪ್ರಶ್ನೆ ಬದಲಾಯ್ಸು,” ಎಂದಳು ಕಲ್ಲಕ್ಕ. “‘ಒಳಗೆ ಯಾರೂ ಇಲ್ಲ ತಾನೇ?’ ಅಂತ ಕೇಳಲಿ.”

ಬಾಗಿಲು ಹಾಗೇ ಕೇಳಿತು. ಪರದೆಯ ಮೇಲೆ ಸದ್ದಿನ ಗೆರೆ ಒಮ್ಮೆ ಎದ್ದಿತು. ಕೂಡಲೇ, ಗಾಬರಿಬಿದ್ದವರ ಹಾಗೆ, ಇನ್ನೊಮ್ಮೆ ಎದ್ದಿತು. ಮತ್ತೊಮ್ಮೆ.

ಪಂಡಿತ ಲ್ಯಾಪ್‌ಟಾಪನ್ನು ಮಡಿಲಿನಿಂದ ಕೆಳಗಿಟ್ಟ.

ಕಲ್ಲಕ್ಕನ ಕಿವಿಯನ್ನು ತಿದ್ದಿದವಳು ಅವಳ ಅಜ್ಜಿ. ಅಜ್ಜಿ ಪದ್ಯ ಓದುವಾಗ ಮೊಮ್ಮಗಳು ಪ್ರತಿ ಸಾಲಿಗೂ ಹೂಂಗುಟ್ಟಬೇಕಿತ್ತು. ನಿದ್ದೆಯ ಹೂಂ ಯಾವುದು, ಮನಸ್ಸಿಟ್ಟ ಹೂಂ ಯಾವುದು ಎಂದು ಅಜ್ಜಿಗೆ ತಿಳಿಯುತ್ತಿತ್ತು. “ಹೂಂ ಅನ್ನೋರಿಲ್ಲದ ಕಡೆ ದೇವರೂ ನಿಲ್ಲಲ್ಲ ಮಗಾ,” ಎಂದು ಕೆನ್ನೆ ತಟ್ಟಿ ಎಬ್ಬಿಸುತ್ತಿದ್ದಳು. ಈಗ ಪರದೆಯ ಮೇಲೆ ಎದ್ದದ್ದು ಮನಸ್ಸಿಟ್ಟ ಹೂಂ. ಅದು ಕಲ್ಲಕ್ಕನ ಬೆನ್ನಿಗೆ ಮೊದಲು ತಿಳಿಯಿತು, ಬುದ್ಧಿಗೆ ಆಮೇಲೆ.

ಅಷ್ಟರಲ್ಲಿ ಯಜಮಾನರು ಬಂದರು. ಕಂಪನಿಯನ್ನು ಒಂದು ಮೇಜು, ಒಂದು ಕುರ್ಚಿಯಿಂದ ಕಟ್ಟಿದವರು. ಹಮಾಲನ ಮನೆಗೆ ಹೋಗಿ, ಅವರು ಕೊಟ್ಟ ನೀರನ್ನು ಕುಡಿಯಲಾರದೆ ಎದ್ದು ಬಂದವರು.

“ಕಿವಿ ಅರ್ಧಕ್ಕೆ ಇಳ್ಸಪ್ಪಾ,” ಎಂದರು.

ಪಂಡಿತ ಇಳಿಸಿದ. ಬಾಗಿಲು ಖಾಲಿ ಕೋಣೆಯನ್ನು ಕೇಳಿತು, ಕಾಯಿತು, “ಯಾರೂ ಇಲ್ಲ,” ಎಂದು ತಣ್ಣಗೆ ಮುಚ್ಚಿಕೊಂಡಿತು. ಯಜಮಾನರು ಉಸಿರುಬಿಟ್ಟರು.

“ಜನ ಇದ್ದಾಗ?” ಎಂದಳು ಕಲ್ಲಕ್ಕ. “ನಾನು ಒಳಗೆ ಕೂರ್ತೀನಿ. ಬಾಯಿ ಮರಗಟ್ಟೋವರೆಗೂ.”

“ಹುಚ್ಚು ಹಿಡಿದಿದ್ಯಾ ತಾಯಿ?” ಎಂದ ಶೈತ್ಯಯಂತ್ರದ ಮೇಸ್ತ್ರಿ. ಸತ್ತವನ ಜೊತೆ ಅದೇ ಗೋದಾಮಿನಲ್ಲಿ ದುಡಿದವನು. ಗೊಣಗುತ್ತಲೇ ಗಾಳಿ ಹೀರುವ ಕೊಳವೆಯನ್ನು ಕಳಚಿಟ್ಟ, ಬಾಗಿಲು ಪೂರ್ತಿ ಮುಚ್ಚದಂತೆ ಹೊಸ್ತಿಲಿಗೊಂದು ಮರದ ಬೆಣೆ ಇಟ್ಟ. “ಹುಷಾರು. ಅವನೂ ‘ಇದೊಂದು ಪೆಟ್ಟಿಗೆ ಇಟ್ಟು ಬಂದೆ’ ಅಂತಲೇ ಹೋಗಿದ್ದು.”

ಒಳಗೆ ಬಿಳಿ ದೀಪ, ಬಿಳಿ ಗೋಡೆ, ಬಿಳಿ ಉಸಿರು. ಕಲ್ಲಕ್ಕ ಹೊಸ್ತಿಲ ಬಳಿ ಮೊಣಕಾಲಪ್ಪಿ ಕೂತಳು. ಮೊದಲು ಕಿವಿ ಉರಿಯಿತು. ಆಮೇಲೆ ಬೆರಳುಗಳು ತನ್ನವಲ್ಲವಾದವು. ಅಜ್ಜಿಯ ಪದ್ಯವೊಂದನ್ನು ಗುನುಗಲು ನೋಡಿದಳು. ತುಟಿಗಳು ಮರದ ಚಕ್ಕೆಗಳ ಹಾಗೆ ಒಂದಕ್ಕೊಂದು ತಾಗಿ ಸುಮ್ಮನಾದವು.

ಬಾಗಿಲು ಕೇಳಿತು.

ಅವಳು ಉತ್ತರಿಸಹೋದಳು. ನಾಲಗೆ ಏಳಲಿಲ್ಲ. ಗಂಟಲಿನಿಂದ ಹೊರಟದ್ದು ಗಂಟಲಲ್ಲೇ ಹೆಪ್ಪುಗಟ್ಟಿತು. “ಯಾರೂ ಇಲ್ಲ,” ಎಂದ ಬಾಗಿಲು ಸರಿಯತೊಡಗಿತು. ಹೊರಗಿನ ಬಿಸಿಲಿನ ಪಟ್ಟೆ ಸಣ್ಣದಾಯಿತು, ಇನ್ನೂ ಸಣ್ಣದಾಯಿತು. ಬೆಣೆಯಿದೆಯೆಂದು ತಲೆಗೆ ಗೊತ್ತು, ಮೈಗೆ ಗೊತ್ತಿರಲಿಲ್ಲ.

ಆಗ ಅವಳ ಬೆನ್ನ ಹಿಂದೆ, ಕೋಣೆಯ ದೂರದ ಮೂಲೆಯಿಂದ, ಯಾರೋ ಓಗೊಟ್ಟರು.

“ಓ…”

ಗಂಡು ದನಿ. ಬೀದಿಯ ಆ ತುದಿಯಿಂದ ಕರೆದವರಿಗೆ ಈ ತುದಿಯಿಂದ ಕೊಡುವಂಥ ಉದ್ದನೆಯ ಓ. ಅದರಲ್ಲಿ ನೋವಿರಲಿಲ್ಲ, ಗಡಿಬಿಡಿಯೂ ಇರಲಿಲ್ಲ. ಬಾಯಿಲ್ಲದವರ ಪರವಾಗಿ ಕೂಗುವವನ ತಾಳ್ಮೆಯಿತ್ತು. ಮುಚ್ಚುವಾಗಲೂ ಬಾಗಿಲಿನ ಕಿವಿ ತೆರೆದೇ ಇರುತ್ತಿತ್ತು. ಬೆಣೆಗೆ ತಾಗುವ ಮೊದಲೇ ಅದು ನಿಂತಿತು. “ಒಳಗೆ ಜನರಿದ್ದಾರೆ. ಮುಚ್ಚುವುದಿಲ್ಲ.”

ಕಲ್ಲಕ್ಕ ತಿರುಗಿ ನೋಡಲಿಲ್ಲ. ತೆವಳಿಕೊಂಡು ಹೊರಗೆ ಬಂದಳು.

ಮೇಸ್ತ್ರಿ ಕಂಬಳಿ ಹೊದಿಸಿದ. ಬಿಸಿಲಿನಲ್ಲಿ ಕೂತು ಮಾತು ಮರಳಿದ ಮೇಲೆ ಅವಳು ಹೇಳಿದ ಮೊದಲ ಮಾತು: “ಓ ಅಂದಿದ್ದು ನಾನಲ್ಲ.”

ಕಂಬಳಿಯ ಮೇಲೆ ಮೇಸ್ತ್ರಿಯ ಕೈ ನಿಂತುಹೋಯಿತು. “ಓ ಅಂತಾ?” ಎಂದ ಮೆಲ್ಲಗೆ. “ಅವನನ್ನ ಯಾರೇ ಕೂಗಲಿ, ಓ ಅಂತಲೇ ಅನ್ನೋನು. ಅದನ್ನ ನಿಮ್ಮ ಬಾಗಿಲಿಗೆ ಕಲ್ಸಿದ್ರಾ?”

“ಈಗ ಕಲ್ಸಿದೀವಿ,” ಎಂದ ಪಂಡಿತ, ತಲೆಯೆತ್ತದೆ. “ಆಗ ಇರಲಿಲ್ಲ.”

ಬಾಗಿಲಿಗೆ ಕಿವಿಯಾಗಿ ಎರಡು ಮೈಕು: ಒಂದು ಹೊಸ್ತಿಲಲ್ಲಿ, ಒಂದು ಹಿಂದಿನ ಗೋಡೆಯಲ್ಲಿ. ಪರದೆಯ ಮೇಲೆ ಹೊಸ್ತಿಲಿನ ಗೆರೆ ಚಪ್ಪಟೆ ಬಿದ್ದಿತ್ತು. ಹಿಂದಿನದು ಬೆಟ್ಟದಷ್ಟೆತ್ತರ. “ಪ್ರತಿಧ್ವನಿ ಇರ್ಬೇಕು,” ಎಂದ ಪಂಡಿತ. ಅವನ ಮಾತು ಅವನ ಮುಖಕ್ಕೇ ಹಿಡಿಸಿದಂತಿರಲಿಲ್ಲ.

“ಏನಾದ್ರೂ ಇರಲಿ ಬಿಡಯ್ಯ,” ಎಂದರು ಯಜಮಾನರು. “ಖಾಲಿ ಇದ್ದಾಗ ಮುಚ್ಚಿಕೊಂಡ್ತು. ಜನ ಇದ್ದಾಗ ನಿಂತ್ಕೊಂಡ್ತು. ಎರಡೂ ಪರೀಕ್ಷೆ ಗೆದ್ದಾಯ್ತು. ಇನ್ನೇನಮ್ಮ ಬೇಕು?”

“ಅದು ನಿಂತಿದ್ದು ನನ್ನ ದನಿಗಲ್ಲ ಸಾರ್.”

“ಯಾರ ದನಿಗಾದ್ರೇನು? ನಿಂತ್ಕೊಂಡ್ತಲ್ಲ!”

“ಇಲ್ಲಿ ಅವನಿದ್ದಾನೆ, ಕೂಗಿದ. ಮಿಕ್ಕ ಬಾಗಿಲುಗಳ ಹಿಂದೆ ಯಾರಿದ್ದಾರೆ ಕೂಗೋಕೆ?”

ಯಜಮಾನರು ಅವಳೆದುರು ಕುಕ್ಕರುಗಾಲಲ್ಲಿ ಕೂತರು. ಅವರು ಹಾಗೆ ಕೂತದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

“ಕಿವಿ ಏರಿಸಿದ್ರೆ ನಾಳೆ ಅವರ ಮುಂದೆ ಈ ಬಾಗಿಲು ಮುಚ್ಚಲ್ಲ. ಆಮೇಲೆ ನಾವೇ ಮುಚ್ಕೊಂಡು ಹೋಗ್ಬೇಕು. ಇಷ್ಟೂ ಜನರ ಒಲೆ ಆರುತ್ತೆ, ನಿಂದೂ ಸೇರಿ. ಪರೀಕ್ಷೆ ವಿಭಾಗಕ್ಕೆ ನಿನ್ನನ್ನೇ ಮುಖ್ಯಸ್ಥೆ ಮಾಡೋಣಾಂತಿದ್ದೆ. ನಾಳೆ ಒಂದು ದಾಟಲಿ, ಆಮೇಲೆ ನಿಧಾನಕ್ಕೆ ಸರಿಮಾಡೋಣ. ನನ್ನ ಮಗಳಿದ್ದ ಹಾಗೆ ನೀನು. ನಿನ್ನ ದಮ್ಮಯ್ಯ, ಪಾಸ್ ಅಂತ ಒತ್ತು.”

ಅವರ ಕಣ್ಣಲ್ಲಿ ನೀರಿತ್ತು, ಸುಳ್ಳು ನೀರಲ್ಲ. ಪಂಡಿತ ಲ್ಯಾಪ್‌ಟಾಪನ್ನು ತಂದು ಅವಳ ಮಡಿಲಿಗಿಟ್ಟ. ಕೆಲಸವಿಲ್ಲದೆ ಏಳುವ ಬೆಳಗನ್ನು ಕಲ್ಲಕ್ಕ ನೆನೆದಳು, ಹೆದರಿಕೆಯಾಯಿತು. ತೆರೆದ ಬಾಗಿಲಿನಿಂದ ತಣ್ಣನೆಯ ಗಾಳಿ ಬಂದು, ಯಾರೋ ತೀರ ಹತ್ತಿರ ನಿಂತು ಕಾಯುತ್ತಿರುವ ಹಾಗೆ ಅವಳ ಕತ್ತಿಗೆ ತಾಗುತ್ತಿತ್ತು. ಬೆರಳಿಗೆ ಜೀವ ಬಂದಿತ್ತು. ತುಟಿಗೂ.

“ಒತ್ತಲ್ಲ,” ಎಂದಳು.