ಅರ್ಧ ನೆಲದೊಳಗಿನ ಕೋಣೆ

ವರ್ನಾ ಮನೆಗಳನ್ನು ಪರೀಕ್ಷಿಸಿ ಬದುಕುವವಳು. ರೆಡ್ ಡೀರ್ ಎಂಬ ಊರಿನಲ್ಲಿ ಹಳೆಯ ಮನೆ ಕೊಳ್ಳುವವರು ಮಾತು ಕೊಡುವ ಮೊದಲು ಅವಳನ್ನು ಕರೆಸುತ್ತಿದ್ದರು. ಅವಳು ಅಟ್ಟ ಹತ್ತಿ, ಗೋಡೆ ತಟ್ಟಿ, ಕಂಡದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದಳು. ಎಲೆ ಉದುರುವ ಕಾಲದಲ್ಲಿ ಒಂದು ದಿನ ಸ್ವಂತ ಮಗಳು ಜನೆಲ್ ಅವಳನ್ನು ಊರಂಚಿನ ಬಡಾವಣೆಗೆ ಕರೆದಳು. ಅಳಿಯ ಕರ್ಟಿಸ್ ಆಗಲೇ ಅಲ್ಲಿ ಕಾಯುತ್ತಿದ್ದ.

ಅದು ಆ ಕಡೆ ಎಲ್ಲ ಬೀದಿಯಲ್ಲೂ ಸಿಗುವಂಥ ಹಳೆಯ ಬೈ-ಲೆವೆಲ್ ಮನೆ. ಬಾಗಿಲು ತೆರೆದರೆ ನಿಲ್ಲಲಷ್ಟೇ ಜಾಗ. ನಾಲ್ಕು ಮೆಟ್ಟಿಲು ಹತ್ತಿದರೆ ಅಡುಗೆಮನೆ, ನಾಲ್ಕು ಇಳಿದರೆ ಅರ್ಧ ನೆಲದೊಳಗೆ ಹುದುಗಿದ ಕೋಣೆಗಳು. ಮೇಲೆಲ್ಲ ಗಟ್ಟಿಯಾಗಿತ್ತು. ಛಾವಣಿಯನ್ನೂ ಬದಲಾಯಿಸಿದ್ದರು. ಕೆಳಗೆ ಇಳಿಯುತ್ತಿದ್ದಂತೆ ಹೊಸ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ವರ್ನಾ ಮೂಲೆಯ ಕಾರ್ಪೆಟ್ ಎತ್ತಿ ನೋಡಿದಳು. ಅಡಿಯ ನೆಲದಲ್ಲಿ ನೀರಿನ ಪಸೆಗೆ ಬಿಳಿ ಉಪ್ಪು ಎದ್ದಿತ್ತು; ಗೋಡೆಗೆ ಒತ್ತಿದ ಅಂಗೈಗೆ ತೇವ ತಾಗಿತು.

"ಹಿತ್ತಲ ನೆಲ ಮನೆ ಕಡೆಗೇ ವಾಲಿದೆ. ಹಿಮ ಕರಗಿದ್ರೆ ನೀರೆಲ್ಲ ಇಲ್ಲಿಗೇ ಬರುತ್ತೆ" ಎಂದಳು. "ಕಿಟಕಿಯೂ ಸಣ್ಣದು. ಬೆಂಕಿ ಬಿದ್ರೆ ಒಳಗಿದ್ದೋರು ಹೊರಗೆ ಬರೋಕಾಗಲ್ಲ. ಸಾಮಾನಿಡೋದಾದ್ರೆ ಸರಿ, ಯಾರನ್ನೂ ಮಲಗಿಸ್ಬೇಡಿ. ಯಾರಿಗೆ ಈ ಕೋಣೆ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಅಪ್ಪನಿಗೆ" ಎಂದಳು ಜನೆಲ್.

ಜನೆಲ್‌ಳ ಅಪ್ಪ ಲಾಯ್ಡ್, ವರ್ನಾಳನ್ನು ಬಿಟ್ಟು ಬೇರೊಬ್ಬಳ ಮನೆ ಸೇರಿ ವರ್ಷಗಳೇ ಆಗಿದ್ದವು. ಈಗ ಪಾರ್ಶ್ವವಾಯು ಹೊಡೆದು ಒಂದು ಕಾಲು ಎಳೆಯುತ್ತಿದ್ದ. ಆ ಹೆಂಗಸು ಕೈ ತೊಳೆದುಕೊಂಡಿದ್ದಳು. ಅವನ ಈಗಿನ ಈ ಸ್ಥಿತಿಯನ್ನು ವರ್ನಾಗೆ ಅದುವರೆಗೆ ಯಾರೂ ಹೇಳಿರಲಿಲ್ಲ; ಈಗ ಜನೆಲ್ ಹೇಳಿದಳು.

"ಹಾಗಾದ್ರಂತೂ ಬೇಡವೇ ಬೇಡ" ಎಂದಳು.

ಜನೆಲ್ ತುಟಿ ಕೊಂಕಿಸಿದಳು. "ಗೊತ್ತಿತ್ತು ಕಣಮ್ಮ. ಅಪ್ಪನ ಹೆಸರು ಬರ್ತಿದ್ದ ಹಾಗೇ ಮನೇನೂ ಕೆಟ್ಟುಹೋಯ್ತು."

"ಹೆಸರು ಬರೋಕೆ ಮುಂಚೇನೇ ಹೇಳಿದ್ನಲ್ಲೇ."

"ನಿಮ್ಮ ನೋವು ನಮಗೆ ಅರ್ಥ ಆಗುತ್ತೆ ಅತ್ತೆ" ಎಂದ ಕರ್ಟಿಸ್, ಮೆತ್ತಗೆ. ಆ ಮೆತ್ತನೆಯ ದನಿಗೆ ವರ್ನಾಗೆ ಮೈಯೆಲ್ಲ ಉರಿಯಿತು. ಅದಕ್ಕಿಂತ ಹೆಚ್ಚು ಉರಿದದ್ದು ಮನೆಗೆ ಮರಳುವ ದಾರಿಯಲ್ಲಿ. ಲಾಯ್ಡ್ ಆ ತೇವದ ಕೋಣೆಯಲ್ಲಿ ಕೆಮ್ಮುತ್ತ ಮಲಗಿರುವ ಚಿತ್ರ ಕಣ್ಣಮುಂದೆ ಬಂದಾಗ, ತನಗೆ ಒಂದಿಷ್ಟು ಹಿತವೆನಿಸಿದ್ದು ಅವಳಿಗೇ ತಿಳಿಯಿತು.

ಅವರು ಆ ಮನೆಯನ್ನೇ ಕೊಂಡರು. ಚಳಿಗಾಲ ಪೂರ್ತಿ ಜನೆಲ್ ತಾಯಿಗೆ ಫೋನು ಮಾಡಲಿಲ್ಲ. ಹಿಮ ಕರಗಿದ ವಾರ ಮಾಡಿದಳು. "ಅಮ್ಮಾ, ನೀರು ನುಗ್ಗಿದೆ. ಕರ್ಟಿಸ್ ಊರಲ್ಲಿಲ್ಲ. ನಿನ್ನ ಪಂಪ್ ತಗೊಂಡು ಬಾ."

ವರ್ನಾ ಹೋದಳು. ಕೆಳಗೆ ಹಿಮ್ಮಡಿ ಮುಳುಗುವಷ್ಟು ನೀರು. ಲಾಯ್ಡ್ ಮಂಚದ ಮೇಲೆ ಕಾಲು ಮಡಚಿಕೊಂಡು, ಕಂಬಳಿ ಹೊದ್ದು ಕೂತಿದ್ದ. ಎಷ್ಟೋ ಕಾಲದ ಮೇಲೆ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಅವನು ಅರೆಬಾಯಲ್ಲಿ ನಕ್ಕ.

"ನೀನೇ ನೋಡಿ ಒಪ್ಪಿದ ಮನೆಯಂತಲ್ಲ ವರ್ನಾ. ಅಮ್ಮ ಒಳ್ಳೇ ಮನೆ ಅಂದಿದ್ದಾಳೆ ಅಂತ ಜನೆಲ್ ಹೇಳಿದ್ಳು. ಆ ಮಾತಿನ ಮೇಲೇ ನಾನು ಬಂದದ್ದು. ನಿನಗೂ ಕಣ್ಣು ತಪ್ಪುತ್ತೆ ಅಂತಾಯ್ತು."

ವರ್ನಾ ತಿರುಗಿ ನೋಡಿದಳು. ಬಕೆಟ್ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ ಮಗಳು ಬಕೆಟ್ಟನ್ನೇ ನೋಡುತ್ತಿದ್ದಳು.

ತಾನು ಬೇಡವೆಂದೇ ಹೇಳಿದ್ದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಿದರೆ ಅಪ್ಪ ಮಗಳಿಗೆ ಇಂದೇ ಕಡಿದುಹೋಗುತ್ತದೆ. ಕಡಿದರೆ ಈ ಕಾಲೆಳೆಯುವ ಮನುಷ್ಯ ಹೋಗುವುದಾದರೂ ಎಲ್ಲಿಗೆ? ಊರಲ್ಲಿ ಅವನಿಗೆ ಗೊತ್ತಿರುವುದು ಇನ್ನೊಂದೇ ಬಾಗಿಲು. ಅದು ತನ್ನದು.

"ಹೌದು, ತಪ್ಪಿತು" ಎಂದಳು ವರ್ನಾ. "ಕಾಲು ಮೇಲೇ ಇಟ್ಕೋ. ಕರೆಂಟ್ ಆಫ್ ಮಾಡಿ ಬರ್ತೀನಿ."

ಜನೆಲ್ ನಿರಾಳವಾಗಿ ಉಸಿರುಬಿಟ್ಟದ್ದು ಕೇಳಿಸಿತು. ಅಂದು ನೀರೆತ್ತಿ ಮುಗಿಸಿದ ಮೇಲೆ ವರ್ನಾ ಮತ್ತೆ ಆ ಮನೆಗೆ ಕಾಲಿಡಲಿಲ್ಲ. ಲಾಯ್ಡ್ ಮಾತ್ರ ಬಂದ ನೆಂಟರಿಗೆಲ್ಲ, ಮಾಜಿ ಹೆಂಡತಿಯ ಪರೀಕ್ಷೆ ಎಂಥದ್ದೆಂದು ನೀರಿನ ಕಲೆ ಕೂತ ಗೋಡೆ ತೋರಿಸಿ ತೋರಿಸಿ ಹೇಳುತ್ತಿದ್ದನಂತೆ.