ಬೆನ್ನುಬಿದ್ದವನ ಪಾತ್ರ

ಕ್ಷೌರದಂಗಡಿಯ ಕುರ್ಚಿಯಲ್ಲಿ ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಂಡು ಕೂತಿದ್ದ ನಟನನ್ನು ಬೆಂಚಿನ ಮೇಲಿದ್ದವರೆಲ್ಲ ಕನ್ನಡಿಯಲ್ಲೇ ನೋಡಿ ಹಲ್ಲು ಬಿಡುತ್ತಿದ್ದರು. ಕ್ಷೌರಿಕನಂತೂ ಕತ್ತರಿಯನ್ನು ಮೇಲೆತ್ತಿ, "ಸಾರ್, ಜಾಸ್ತಿ ತೆಗೆಯಲ್ಲ. ನಾಳೆ ಟಿವಿಯಲ್ಲಿ ನೆರಳಣ್ಣನ ತಲೆ ಬೇರೆ ಥರ ಕಂಡ್ರೆ ನಮ್ಮನೆಯವಳು ನನ್ನ ತಲೆ ಬೋಳಿಸ್ತಾಳೆ" ಎಂದ.

ನೆರಳಣ್ಣ ಎಂಬುದು ಜನ ಪ್ರೀತಿಯಿಂದ ಇಟ್ಟ ಹೆಸರು. ಅದಕ್ಕೆ ಮುಂಚೆ ಇಪ್ಪತ್ತು ವರ್ಷ ಅವನನ್ನು ಬೀದಿಯಲ್ಲಿ ಯಾರೂ ಗುರುತಿಸಿದ್ದಿಲ್ಲ. ಕಡತ ತಂದಿಡುವ ಗುಮಾಸ್ತ, ಗೇಟು ತೆರೆಯುವ ಕಾವಲುಗಾರ, ಕಥೆ ಶುರುವಾಗುವ ಮೊದಲೇ ಗುಂಡು ತಿಂದು ಬೀಳುವ ದಾರಿಹೋಕ, ಇಂಥವೇ ಅವನ ಪಾಲಿಗೆ ಬರುತ್ತಿದ್ದವು. "ಈ ಸಲವಾದ್ರೂ ಎರಡನೇ ಕಂತಿನ ತನಕ ಬದುಕಿರ್ತೀರಾ?" ಎಂದು ಹೆಂಡತಿ ಕಿಚಾಯಿಸುತ್ತಿದ್ದಳು.

ಆಮೇಲೆ 'ಬಿಡದ ನಂಟು' ಧಾರಾವಾಹಿ ಬಂತು. ವೈದ್ಯೆಯೊಬ್ಬಳ ಮೇಲೆ ಮನಸ್ಸಿಟ್ಟು, ಅವಳು ಹೋದಲ್ಲೆಲ್ಲ ಹೋಗಿ, ನಿಶ್ಚಯವಾಗಿದ್ದ ಮದುವೆಯನ್ನು ಮುರಿದು, ಕೊನೆಗೆ ಅವಳ ಮನೆಯ ಬೀಗದ ಕೈಯನ್ನೇ ನಕಲು ಮಾಡಿಸಿಕೊಳ್ಳುವ ಗಂಡಸಿನ ಕಥೆ. ಆ ಗಂಡಸಿನ ಪಾತ್ರ ಇವನದು. ಮೊದಲಿನ ಲೆಕ್ಕದಂತೆ ಅವನು ಬೇಗ ಪೊಲೀಸರ ಕೈಗೆ ಸಿಗಬೇಕಿತ್ತು. ಆದರೆ ನೋಡುಗರಿಗೆ ನಟನ ಸೋತ ಕಣ್ಣುಗಳು ಹಿಡಿಸಿಬಿಟ್ಟವು. 'ಪಾಪ, ಎಷ್ಟು ಪ್ರೀತಿಸ್ತಾನೆ' ಎಂಬ ಮಾತು ಮನೆಮನೆಯಲ್ಲೂ ಕೇಳಿತು. ಕಥೆ ದಿಕ್ಕು ಬದಲಿಸಿತು. ವೈದ್ಯೆಯ ಮನಸ್ಸು ಕರಗಿತು. ಇನ್ನುಳಿದದ್ದು ಅವರಿಬ್ಬರ ಮದುವೆ.

ಬೆಂಚಿನಿಂದ ಒಬ್ಬ ಯುವಕ ಎದ್ದು ಬಂದ. ಮಡಿಕೆ ಕೆಡದ ಅಂಗಿ, ಮೆತ್ತನೆಯ ಮಾತು. ಪಕ್ಕದ ಬೀದಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನಂತೆ.

"ಅಣ್ಣಾ, ನೀವಿಲ್ದಿದ್ರೆ ನಾನು ಯಾವತ್ತೋ ಕೈಬಿಟ್ಟಿರ್ತಿದ್ದೆ. ಇಲ್ಲೇ ಕನ್ನಡಕದಂಗಡಿಯಲ್ಲಿ ಒಬ್ಬಳಿದಾಳೆ. ಬೇಡ ಬೇಡ ಅಂತಾಳೆ. ನಿಮ್ಮ ಡಾಕ್ಟರಮ್ಮನೂ ಮೊದಲು ಹಾಗೇ ಅಂದಿದ್ದಲ್ವಾ? ನೀವೊಂದ್ಸಲ ಬಂದು ಒಂದು ಮಾತು ಹೇಳಿದ್ರೆ ಸಾಕು. ಅವರ ಮನೇಲಿ ಎಲ್ಲಾ ನಿಮ್ಮ ಧಾರಾವಾಹಿ ನೋಡ್ತಾರೆ."

ಹೊಗಳಿಕೆಗೆ ಏಣಿ ಬೇಡ, ಅಟ್ಟಕ್ಕೇರಿಸಿಬಿಡುತ್ತದೆ. ನಾಲ್ಕು ಹೆಜ್ಜೆ ತಾನೇ ಎಂದುಕೊಂಡ ನಟ, ಕೂದಲು ಕೊಡವಿಕೊಂಡು ಅವನ ಜೊತೆ ಹೊರಟ.

ಅಂಗಡಿಯಲ್ಲಿ ಅವಳೊಬ್ಬಳೇ ಇದ್ದಳು. ಮೆತ್ತನೆಯ ಬಟ್ಟೆಯಿಂದ ಕನ್ನಡಕವೊಂದರ ಗಾಜು ಒರೆಸುತ್ತಿದ್ದವಳು, ಬಾಗಿಲ ಸದ್ದಿಗೆ ಮುಗುಳ್ನಗುತ್ತ ತಲೆಯೆತ್ತಿದಳು. ನಗು ಅಲ್ಲೇ ಆರಿತು. ಮುಖದ ಬಣ್ಣ ಇಳಿದುಹೋಯಿತು. ಕಿರುಚಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು, ತಿರುಗಿ ನೋಡದೆಯೇ ಹಿಂಬಾಗಿಲ ಚಿಲಕಕ್ಕೆ ಕೈ ಹಾಕಿದಳು. ಆ ಕೈಗೆ ಚಿಲಕದ ಜಾಗ ಚೆನ್ನಾಗಿ ಗೊತ್ತಿತ್ತು.

"ನೀವೂ ಬಂದ್ರಾ?" ಎಂದು ನಟನನ್ನು ಕೇಳಿದಳು.

ನಟ ಅವಳ ಮುಖವನ್ನೇ ನೋಡಿದ. ಧಾರಾವಾಹಿಯಲ್ಲಿ ಹಿಂಬಾಲಿಸುವ ದೃಶ್ಯಗಳನ್ನು ಅವನೊಬ್ಬನನ್ನೇ ನಿಲ್ಲಿಸಿ ಚಿತ್ರೀಕರಿಸುತ್ತಿದ್ದರು. ಕ್ಯಾಮೆರಾದ ಪಕ್ಕ ಅಂಟಿಸಿದ ಕಾಗದದ ಚೂರನ್ನೇ ನಾಯಕಿ ಎಂದುಕೊಂಡು ಅವನು ಕಣ್ಣು ತುಂಬಿಕೊಳ್ಳುತ್ತಿದ್ದ. ನಾಯಕಿ ಬೆಚ್ಚಿಬೀಳುವುದನ್ನು ಬೇರೆ ದಿನ ತೆಗೆದು ಆಮೇಲೆ ಜೋಡಿಸುತ್ತಿದ್ದರು. ಬೆನ್ನುಬಿದ್ದವನ ಎದುರು ಹೆಣ್ಣಿನ ಮುಖ ಹೇಗಾಗುತ್ತದೆ ಎಂಬುದನ್ನು ಅವನು ಕಣ್ಣಾರೆ ಕಂಡದ್ದು ಇದೇ ಮೊದಲು.

"ಕೇಳಿ ಅಣ್ಣಾ, ನಾನಿವಳ ಮೈ ಮುಟ್ಟಿಲ್ಲ. ಒಂದು ಕೆಟ್ಟ ಮಾತು ಆಡಿಲ್ಲ. ಬರೀ ನಿಂತ್ಕೋತೀನಿ. ನಿಂತ್ಕೊಳ್ಳೋದೂ ತಪ್ಪಾ?" ಎಂದ ಯುವಕ. ಅವನ ದನಿಯಲ್ಲಿ ನಟನೆ ಇರಲಿಲ್ಲ. ನಿಜಕ್ಕೂ ನೊಂದಿದ್ದ.

"ಬೆಳಿಗ್ಗೆ ಬಾಗಿಲು ತೆಗೆಯೋ ಮುಂಚೆ ಕಿಟಕಿಯಲ್ಲಿ ಇಣುಕಬೇಕು" ಎಂದಳು ಅವಳು. "ಬಸ್ಸಿನಿಂದ ಒಂದು ಸ್ಟಾಪ್ ಮೊದಲೇ ಇಳೀಬೇಕು. ನಿನ್ನಿಂದ ಎರಡು ಕಡೆ ಕೆಲಸ ಬಿಟ್ಟೆ, ಮನೆ ಬದಲಾಯಿಸಿದೆ. ನೀನು ನಿಂತ್ಕೊಳ್ಳೋಕೆ ಅಂತ ನಾನಿನ್ನೂ ಎಷ್ಟು ಜಾಗ ಖಾಲಿ ಮಾಡ್ಲಿ?" ಆಮೇಲೆ ನಟನ ಕಡೆ ತಿರುಗಿದಳು. "ನಮ್ಮಮ್ಮನೇ ಹೇಳ್ತಾರೆ ಸಾರ್, ಆ ಡಾಕ್ಟರಮ್ಮನ್ನ ನೋಡಿ ಕಲಿ, ಇಷ್ಟು ಪ್ರೀತಿಸೋನು ಸಿಗಲ್ಲ ಅಂತ. ಮನೇಲೂ ನೀವೇ, ಬೀದೀಲೂ ನೀವೇ. ನಾನೆಲ್ಲಿಗೆ ಹೋಗ್ಲಿ?"

ನಟ ಯುವಕನ ಭುಜದ ಮೇಲೆ ಕೈಯಿಟ್ಟ. "ಹೊರಡು ತಮ್ಮಾ. ಅವರು ಬೇಡ ಅಂದಾಗಲೇ ಮಾತು ಮುಗೀತು. ನಾನು ಮಾಡಿದ್ದು ಬರೀ ನಟನೆ. ಅದು ಪ್ರೀತಿ ಅಲ್ಲ."

"ಅಲ್ಲ ಅಂದ್ಮೇಲೆ ಪ್ರೀತಿ ಥರ ಯಾಕೆ ಮಾಡಿದ್ರಿ ಅಣ್ಣಾ?" ಎಂದ ಯುವಕ. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೊರಟುಹೋದ.

"ಇವತ್ತೇನೋ ನಿಮ್ಮ ಮಾತಿಗೆ ಹೋದ" ಎಂದಳು ಅವಳು, ಚಿಲಕದಿಂದ ಕೈ ತೆಗೆಯದೆ. "ಟಿವಿಯಲ್ಲಿ ನಿಮ್ಮ ಮದುವೆ ಆಗ್ಲಿ, ಮತ್ತೆ ಬರ್ತಾನೆ."

ಮನೆಗೆ ಬಂದವನು ಊಟದ ತಟ್ಟೆಗೆ ಕೈ ಹಾಕದೆ ಕೂತ. ಹೆಂಡತಿ ಕೆದಕಿ ಕೆದಕಿ ಕೇಳಿದ ಮೇಲೆ ಎಲ್ಲವನ್ನೂ ಹೇಳಿದ.

"ಮದುವೆ ದೃಶ್ಯ ಮಾಡಲ್ಲ ಅಂದ್ರೆ ಪಾತ್ರ ಹೋಗುತ್ತೆ ಕಣೇ. ಮತ್ತೆ ಮೊದಲಿನ ಹಾಗೆ, ಬಂದ ಗುಂಡಿಗೆ ಬೀಳೋದು."

ಹೆಂಡತಿ ಸಾರಿನ ಪಾತ್ರೆಗೆ ಮುಚ್ಚಳ ಹಾಕಿದಳು. ಗಂಡನ ಜೊತೆ ಬೀದಿಗಿಳಿದರೆ ಜನ ಅವಳಿಗೂ ದಾರಿ ಬಿಡುತ್ತಿದ್ದ ಕಾಲ ಅದು. ಅದರ ರುಚಿ ಅವಳಿಗೂ ಹತ್ತಿತ್ತು. ಕೊನೆಗೆ, "ಇಪ್ಪತ್ತು ವರ್ಷ ದಿನಾ ಸತ್ತು ಸಂಜೆ ಹೊತ್ತಿಗೆ ಮನೆಗೆ ಬರ್ತಿದ್ರಲ್ಲ, ಹಾಗೇ ಬನ್ನಿ. ಈಗ ಅನ್ನ ಆರ್ತಿದೆ, ಉಣ್ಣಿ" ಎಂದಳು.

ಮರುದಿನ ಮೇಕಪ್ ಕೋಣೆಯಲ್ಲಿ ನಾಯಕಿ ಮದುವೆಯ ಉಡುಪು ತೊಟ್ಟು ಕೂತಿದ್ದಳು. ಬಾಗಿಲ ಬಳಿ ನಿರ್ಮಾಪಕಿ ನಿಂತಿದ್ದರು. ಗಟ್ಟಿ ಹೆಂಗಸು. ಯಾರೂ ಕೇಳದಿದ್ದ ಕಾಲದಲ್ಲಿ ಇವನನ್ನು ನಂಬಿ ಪಾತ್ರ ಕೊಟ್ಟವರು.

"ಮೇಡಂ, ಈ ಮದುವೆ ಬೇಡ. ಅವನನ್ನ ಜೈಲಿಗೆ ಕಳಿಸಿ. ಮೊದಲು ನೀವು ಬರೆಸಿದ್ದೂ ಅದೇ ಅಲ್ವಾ?"

ಕನ್ನಡಕದಂಗಡಿಯ ಸಂಗತಿಯನ್ನು ನಿರ್ಮಾಪಕಿ ಅಡ್ಡಮಾತಾಡದೆ ಕೇಳಿಸಿಕೊಂಡರು. "ಪಾಪ, ಆ ಹುಡುಗಿಗೆ ಆಗಿದ್ದು ತಪ್ಪೇ. ಆದ್ರೆ ಕಥೆ ನೋಡಿ ಕೆಡೋರು ಕಥೆ ಇಲ್ದೇನೂ ಕೆಡ್ತಾರಪ್ಪ. ಇಲ್ಲಿ ಲೈಟ್ ಹಿಡಿಯೋರಿಂದ ಹಿಡಿದು ಊಟ ಬಡಿಸೋರ ತನಕ ಎಷ್ಟು ಜನ ಬದುಕ್ತಿದಾರೆ ಗೊತ್ತಲ್ಲ? ಜನ ಈ ಮದುವೆ ಕೇಳ್ತಿದಾರೆ."

"ನನ್ನ ಮುಖ ತೋರಿಸಿದ್ದಕ್ಕೆ ಕೇಳ್ತಿದಾರೆ ಮೇಡಂ. ಆ ಹುಡುಗಿಯ ಮುಖ ತೋರಿಸಿದ್ರೆ ಕೇಳ್ತಿರಲಿಲ್ಲ."

"ಯೋಚನೆ ಮಾಡು. ನೀನಲ್ದಿದ್ರೆ ಆ ಜಾಗಕ್ಕೆ ಇನ್ನೊಬ್ಬ."

"ಬರಲಿ. ನಾನು ಮಾಡಲ್ಲ."

ಅವನ ದನಿ ಏರಲಿಲ್ಲ. ನಿರ್ಮಾಪಕಿ ಅವನ ಮುಖವನ್ನೇ ನೋಡಿ, ಇವನು ಸಂಭಾವನೆಗಾಗಿ ಹಟ ಹಿಡಿದವನಲ್ಲ ಎಂದು ಅರಿತು, ನಿಟ್ಟುಸಿರಿಟ್ಟು ಹೊರನಡೆದರು.

"ನನಗೂ ಈ ಮದುವೆ ಗಂಟಲಲ್ಲಿ ಇಳೀತಿಲ್ಲ" ಎಂದಳು ನಾಯಕಿ, ಕನ್ನಡಿ ನೋಡುತ್ತಲೇ. "ಆದ್ರೆ ನನ್ನ ವಯಸ್ಸಿಗೆ ಇದನ್ನ ಬಿಟ್ರೆ, ಮುಂದಿನ ಧಾರಾವಾಹಿಯಲ್ಲಿ ನಿಮಗೇ ತಾಯಿ ಆಗ್ಬೇಕಾಗುತ್ತೆ." ನಗಲು ಹೋದಳು, ಆಗಲಿಲ್ಲ. "ನೀವು ಹೋಗಿ. ನಗುನಗುತ್ತಾ ಒಪ್ಪಿಕೊಳ್ಳೋ ಮಾತನ್ನ ನಾನಂತೂ ಆಡಲ್ಲ. ಅಷ್ಟಾದ್ರೂ ಮಾಡ್ತೀನಿ."

ಆ ವಾರದಲ್ಲೇ ನೆರಳಣ್ಣನಿಗೆ ಬೇರೆ ಮುಖ ಬಂತು. ಹೊಸಬನ ಜೊತೆ ಮದುವೆಯೂ ನಡೆಯಿತು. ವೈದ್ಯೆ ಇಡೀ ಮದುವೆಯಲ್ಲಿ ಒಮ್ಮೆಯೂ ನಗಲಿಲ್ಲ. ಏನಾಯ್ತು ಇವಳಿಗೆ ಎಂದು ಟಿವಿ ನೋಡುತ್ತಿದ್ದವರಲ್ಲಿ ಕೆಲವರು ಕೇಳಿಕೊಂಡರು. ಉಳಿದವರು ಊಟ ಮುಂದುವರಿಸಿದರು.

ಅದರ ಮರುದಿನ ನಟ ಕನ್ನಡಕದಂಗಡಿಗೆ ಹೋದ. ಯುವಕ ಎದುರಿನ ಕಂಬಕ್ಕೆ ಒರಗಿ ನಿಂತಿದ್ದ. ಅವಳು ಹೇಳಿದಂತೆಯೇ ಆಗಿತ್ತು.

"ಪೊಲೀಸರಿಗೆ ಹೇಳಿದ್ದೀರಾ?" ಎಂದು ನಟ ಅವಳನ್ನು ಕೇಳಿದ.

"ಒಂದ್ಸಲ ಹೋಗಿದ್ದೆ. ಸಾಕ್ಷಿ ಯಾರಿದಾರಮ್ಮ ಅಂದ್ರು."

"ನಾನಿದೀನಿ. ಅವನು ನನ್ನ ಹತ್ರ ಬಾಯಿಬಿಟ್ಟು ಹೇಳಿದಾನೆ. ನೀವು ಹೆದರಿದ್ದನ್ನ ನಾನು ನೋಡಿದೀನಿ. ಹೋಗೋದು ಬಿಡೋದು ನಿಮ್ಮಿಷ್ಟ. ಹೋಗೋದಾದ್ರೆ ಬರ್ತೀನಿ."

ಅವಳು ಕೈಯಲ್ಲಿದ್ದ ಕನ್ನಡಕವನ್ನು ಪೆಟ್ಟಿಗೆಯೊಳಗಿಟ್ಟು, ಅಂಗಡಿಗೆ ಬೀಗ ಹಾಕಿ, ಮುಂಬಾಗಿಲಿಂದಲೇ ಹೊರಬಂದಳು. ಕಂಬಕ್ಕೆ ಒರಗಿದ್ದವನ ಮುಂದೆಯೇ ಇಬ್ಬರೂ ಹಾದುಹೋದರು.

ಠಾಣೆಯ ಅಧಿಕಾರಿ ನಟನನ್ನು ಕಂಡು ಮೇಜು ಕುಟ್ಟಿ ನಕ್ಕ. "ಏನ್ ನೆರಳಣ್ಣ! ಬೆನ್ನು ಬೀಳೋರೇ ದೂರು ಕೊಡೋಕೆ ಬಂದ್ರೆ ನಮ್ಮ ಗತಿ ಏನು? ಹೋಗ್ಲಿ ಬಿಡಿ ಸಾರ್, ಪ್ರೀತಿ ವಿಷಯ. ಕರೆಸಿ ಬುದ್ಧಿ ಹೇಳೋಣ, ದೂರು ಯಾಕೆ?"

"ವರ್ಷಗಟ್ಟಲೆ ಆ ಪಾತ್ರ ಮಾಡಿದೀನಿ ಸಾರ್. ಅದರಲ್ಲಿ ಪ್ರೀತಿ ಇಲ್ಲ. ಇದ್ದಿದ್ರೆ ನನಗೆ ಸಿಕ್ಕಿರ್ತಿತ್ತು. ದೂರು ಬರ್ಕೊಳ್ಳಿ. ಇಲ್ಲಾಂದ್ರೆ ಬರ್ಕೊಳ್ಳೋ ತನಕ ಇಲ್ಲೇ ಕೂತಿರ್ತೀನಿ. ಈಗ ನನಗೆ ಬೇರೆ ಕೆಲಸಾನೂ ಇಲ್ಲ."

ಅಧಿಕಾರಿಯ ನಗು ನಿಂತಿತು. ಕಾಗದ ಎಳೆದುಕೊಂಡು, "ಸರಿ, ಏನಾಯ್ತು ಹೇಳಿ" ಎಂದು ನಟನ ಕಡೆಗೇ ನೋಡಿದ.

ನಟ ಬಾಯಿ ತೆರೆದ. ಅಷ್ಟರಲ್ಲಿ ಪಕ್ಕದಲ್ಲಿ ಕುರ್ಚಿ ಜರುಗಿದ ಸದ್ದಾಯಿತು. ಅವಳು ಮೇಜಿನ ಹತ್ತಿರಕ್ಕೆ ಸರಿದು, ಎರಡೂ ಕೈಗಳನ್ನು ಅದರ ಮೇಲಿಟ್ಟಿದ್ದಳು.

"ಆಗಿದ್ದು ನನಗೆ. ನಾನೇ ಹೇಳ್ತೀನಿ, ಬರ್ಕೊಳ್ಳಿ" ಎಂದಳು.

ನಟ ಬಾಯಿ ಮುಚ್ಚಿಕೊಂಡು, ತನ್ನ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡ. ಅವಳು ಮೊದಲಿನಿಂದ ಶುರುಮಾಡಿದಳು.