ಮಲಗಿದ ಪಾರಿವಾಳಗಳು

ತಲೆಯನ್ನು ಎಡಕ್ಕೆ ಹೊರಳಿಸುತ್ತಿದ್ದೇನೆ, ಮೆಲ್ಲಗೆ, ತುಂಬಿದ ಕೊಡ ಹೊತ್ತವಳ ಹಾಗೆ, ಇನ್ನಷ್ಟು, ಇನ್ನೂ ಒಂದಿಷ್ಟು, ತುಳುಕಲಿಲ್ಲ, ಬಲಗಣ್ಣಿನ ಹಿಂದೆ ಮೂರು ದಿನದಿಂದ ಯಾರೋ ಜಡಿಯುತ್ತಿದ್ದ ಮೊಳೆ ಇಲ್ಲ, ಇಲ್ಲವೇ ಇಲ್ಲ — ಕಿಟಕಿಯ ಪರದೆಯ ಅಂಚಿನಲ್ಲಿ ಬಿಸಿಲು, ಬರೀ ಬಿಸಿಲು, ಚುಚ್ಚದ ಬಿಸಿಲು, ಬಾರಪ್ಪ ಒಳಗೆ, ಚಾಪೆಯ ವಾಸನೆ ಬರುತ್ತಿದೆ, ಅದು ಚಾಪೆಯದೇ ವಾಸನೆ, ವಾಕರಿಕೆಯದಲ್ಲ, ಹೊಟ್ಟೆ ಹಸಿದಿದೆ, ಅಯ್ಯೋ ಎಂಥ ಚೆಂದದ ಹಸಿವು, ಆದರೆ ಏನೋ ಕಡಿಮೆಯಿದೆ, ಸದ್ದು, ಕೊಡತಿಗಳ ಸದ್ದಿಲ್ಲ, ಈ ಹೊತ್ತಿಗೆ ಪ್ರತಿ ಮನೆಯ ಹಿಂದೆ ಬಟ್ಟೆ ಮಾಡಲು ತೊಗಟೆ ಬಡಿಯುವ ಟಕ್ ಟಕ್ ಇರಬೇಕು, ಇವತ್ತು ಭಾನುವಾರವೇ, ಅಲ್ಲ, ಗುರುವಾರ, ವಾರದ ನಡುವೆ ಕೊಡತಿಗಳು ನಿಲ್ಲುವುದು ಯಾರಾದರೂ ದೊಡ್ಡವರು ಸತ್ತಾಗ ಮಾತ್ರ, ಯಾರು ಸತ್ತರು, ಯಾರು — ನಾನೇ ಏನು? ಬಾಗಿಲಲ್ಲಿ ಲೋಸಲಿನೆ, ನಮ್ಮ ಹೆಂಗಸರ ಗುಂಪಿನ ಯಜಮಾನಿ, ಕೈಯಲ್ಲಿ ಬಟ್ಟಲು, ಎದ್ದೆಯಾ ಮಹಾರಾಣಿ, ಅನ್ನುತ್ತಾಳೆ, ಯಾರು ಸತ್ರು ಅಂತ ಗೊಣಗ್ತೀಯಾ, ಯಾರೂ ಇಲ್ಲ ಕಣೆ ಪಿಸಿಲಾ, ನಿನ್ನ ತಲೆಗೋಸ್ಕರ ಊರೆಲ್ಲ ಕೊಡತಿ ಕೆಳಗಿಟ್ಟಿದೀವಿ, ನೋಡು, ಸಾಯದೇನೇ ದೊರೆ ಮರ್ಯಾದೆ ತಗೊಂಡೆ! ನಗುತ್ತೇನೆ, ನಕ್ಕರೂ ನೋಯುವುದಿಲ್ಲ, ತಲೆ ಅಲ್ಲಾಡಿಸಿ ನಗುತ್ತೇನೆ, ಬಟ್ಟಲಲ್ಲಿ ಕಲ್ಲಂಗಡಿ ಹೆರೆದು ತೆಂಗಿನಹಾಲಿಗೆ ಹಾಕಿದ್ದಾಳೆ, ತಂಪು ಗಂಟಲಿಳಿಯುತ್ತಿದ್ದ ಹಾಗೆ ಕಣ್ಣಲ್ಲಿ ನೀರು, ನಿಧಾನ ಕುಡಿಯೇ, ಎಳಗರು ಬಿಟ್ಟಂಗೆ ಬಾಯಿ ಹಾಕ್ತೀಯಲ್ಲ.

ಸೋದರತ್ತೆ ಕೊಡಬೇಕು ಮದುವೆಗೆ ಹಾಸುವ ತೊಗಟೆಯ ಬಟ್ಟೆ, ಅದು ನಮ್ಮ ದ್ವೀಪದಲ್ಲಿ ಮಾತಾಡುವ ವಿಷಯವೂ ಅಲ್ಲ, ಅಣ್ಣನ ಮಗಳು ಸಿಯಾಲೆಗೆ ನಾನೊಬ್ಬಳೇ ಅತ್ತೆ, ತೆಳ್ಳಗಿನ ಬಟ್ಟೆ ಕೊಟ್ಟ ಅತ್ತೆಯ ಹೆಸರು ಮೂರು ತಲೆಮಾರು ನಗುವಿನಲ್ಲೇ ಬದುಕುತ್ತದೆ, ಹದಿನೈದು ಮಾರು ಅಂದಿದ್ದೆ, ಯಾಕೆ ಅಂದೆ, ಹತ್ತು ಸಾಕಿತ್ತು, ಐದು ವಾರ, ಮೂರು ಗಂಟೆಯ ತನಕ ಶಾಲೆಯ ಮಕ್ಕಳು, ಆಮೇಲೆ ತೊಗಟೆ, ಆಮೇಲೆ ಪದರ ಅಂಟಿಸುವ ಗಂಜಿ, ನಿದ್ದೆ ಎಷ್ಟು ಎಂದರೆ ಕೋಳಿ ಕೂಗುವ ಮೊದಲು ಒಂದು ಚೂರು, ಮಲಗೇ ಎಂದರೆ ಮದುವೆಯಾದ ಮೇಲೆ ಮಲಗುತ್ತೇನೆ ಎನ್ನುತ್ತಿದ್ದೆ, ಸೋಮವಾರ ಅಚ್ಚಿನ ಮೇಲೆ ಬಟ್ಟೆ ಹಾಸಿ ಕಂದು ಬಣ್ಣ ಉಜ್ಜುತ್ತಿದ್ದೇನೆ, ಪಾರಿವಾಳದ ಅಚ್ಚು, ಪಾರಿವಾಳದ ರೆಕ್ಕೆಯ ಮೇಲೆ ಗರಗಸದ ಹಲ್ಲಿನ ಹಾಗೆ ಬೆಳಕು, ಬೆಳಕು ಹರಡುತ್ತದೆ, ಅರ್ಧ ಹಕ್ಕಿ ಕಾಣದು, ಆದರೂ ಉಜ್ಜುತ್ತೇನೆ, ನಿಲ್ಲಿಸಿದರೆ ಮುಗಿಯುವುದಿಲ್ಲ — ಮುಗಿಯಿತೇ? ಶನಿವಾರ ಮದುವೆ, ಮುಗಿಯಿತೇ ಲೋಸಲಿನೆ? ನಾವೆಲ್ಲ ಸೇರಿ ಮುಗಿಸಿದ್ವಿ ಬಾ, ಅನ್ನುತ್ತಾಳೆ, ಆದ್ರೆ ಒಂದು ಸಾಲು ನೋಡ್ಬೇಕು ನೀನು, ಮುಖ ಯಾಕೆ ಹಾಗೆ ಮಾಡುತ್ತಾಳೆ.

ಬರಿಗಾಲಿಗೆ ಹುಲ್ಲು, ಹಸಿ ಹುಲ್ಲು, ಹಂದಿಮರಿಗಳು ಅಡ್ಡ ಓಡುತ್ತವೆ, ಇಷ್ಟು ಹಸಿರು ಮೊದಲೂ ಇತ್ತೇ, ತೊಳೆದಿಟ್ಟ ಹಾಗಿದೆ ಲೋಕ, ಸಭಾಮನೆಯ ನೆಲದ ತುಂಬ ಬಟ್ಟೆ, ಹದಿನೈದು ಮಾರು, ದಪ್ಪ, ಕಂದು, ನನ್ನದು, ಅಲ್ಲ, ಇವರೆಲ್ಲರದು, ಎರಡೂ ಬದಿ ಕೂತ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದಿದ್ದಾರೆ, ನಡುವೆ ಆ ಸಾಲು, ಸೋಮವಾರದ್ದು, ಅಚ್ಚು ತಲೆಕೆಳಗಾಗಿ ಇಟ್ಟಿದ್ದೇನೆ, ಉಳಿದವೆಲ್ಲ ನೆಟ್ಟಗೆ, ಇವಿಷ್ಟೂ ಕಾಲು ಮೇಲೆ, ಬೆನ್ನ ಮೇಲೆ ಮಲಗಿದ ಪಾರಿವಾಳಗಳು, ಅಯ್ಯೋ ಅನ್ನುವಷ್ಟರಲ್ಲಿ ಸಿಯಾಲೆ ಆಚೆ ಬದಿಗೆ ಓಡಿ ನಿಂತಳು, ಅತ್ತೆ ಇಲ್ಲಿಂದ ನೋಡು, ಇಲ್ಲಿಂದ ಇವೇ ನಿಂತಿರೋದು, ಗಂಡಿನ ಕಡೆಯೋರು ಈ ಕಡೆ ತಾನೇ ಕೂರೋದು, ಅವರಿಗೂ ನಾಲ್ಕು ಹಕ್ಕಿ ಬೇಡ್ವಾ! ಹೆಂಗಸರ ನಗೆ ಬಿದಿರು ಸಿಡಿದ ಹಾಗೆ, ನನ್ನ ತಲೆ ಆ ಸದ್ದನ್ನೆಲ್ಲ ಕುಡಿಯುತ್ತಿದೆ, ನೋಯದೆ. ಲೋಸಲಿನೆ ಮಾತ್ರ ನಗಲಿಲ್ಲ, ಅದೆಲ್ಲ ಸರಿ ಕಣೆ, ಊರೋರು ಸುಮ್ನಿರ್ತಾರಾ, ಅತ್ತೆ ಕುಡಿದು ಅಚ್ಚು ಇಟ್ಳು ಅಂತಾರೆ, ತೇಪೆ ಕೊಯ್ದಿಟ್ಟಿದೀನಿ, ಗಂಜಿ ಬಿಸಿಯಾಗಿದೆ, ಮೇಲೆ ಅಂಟಿಸಿ ನೆಟ್ಟಗೆ ಉಜ್ಜಿಬಿಡು, ಇವತ್ತೆಲ್ಲ ನಾಳೆಯೆಲ್ಲ ಕೂತ್ರೆ ಆಗತ್ತೆ, ನಿನ್ನ ಕೈಯೇ ಆಗ್ಬೇಕು, ಬಾ ಕೂತ್ಕೋ. ಜರುಗಿ ಜಾಗ ಬಿಟ್ಟರು, ನನ್ನ ಅಳತೆಯ ಜಾಗ, ಬಣ್ಣದ ಉಜ್ಜುಬಟ್ಟೆ ನನ್ನ ಕೈಗೇ ಚಾಚಿದ್ದಾಳೆ, ಕೈ ಹೊರಟೂ ಬಿಟ್ಟಿದೆ, ಕೈಗೇನು, ಅದಕ್ಕೆಲ್ಲಿ ತಲೆನೋವು, ಮೂರು ತಲೆಮಾರು, ಮೂರು ತಲೆಮಾರು — ಕಾಲು ಮೇಲೆ ಮಾಡಿ ಮಲಗಿದ ಪಾರಿವಾಳಗಳು, ಎಷ್ಟು ಸುಖವಾಗಿ ಮಲಗಿವೆ, ಹೊಟ್ಟೆ ತೋರಿಸಿಕೊಂಡು, ಯಾರಿಗೂ ಹೆದರದೆ, ಕಾಲು ಮೇಲೆ, ಕಾಲು ಮೇಲೆ. ಕೂತ್ಕೊಳ್ಳೇ, ಅಂದಳು ಲೋಸಲಿನೆ. ಕೂರಲ್ಲ, ಅಂದೆ.